ಮೈನಸ್ 7 ದೊಡ್ಡದೋ, ಮೈನಸ್ 6 ದೊಡ್ಡದೋ?

ನಿನ್ನೆ ಸಂಜೆ ಜಯನಗರದ ತಂಗಿಯ ಮನೆಯಲ್ಲಿ, ಎಂಟನೆಯ ತರಗತಿಯಲ್ಲಿರುವ ಅವಳ ಮೊಮ್ಮಗಳ ಗಣಿತದ ನೋಟ್‌ಬುಕ್ ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ. 9 × 10⁻⁷ ಮೀಟರ್, 2 × 10⁻⁶ ಮೀಟರ್, ಇವೆರಡರಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆಗೆ ಅವಳು ಮೊದಲನೆಯದನ್ನು ಬರೆದಿದ್ದಾಳೆ. ಪಕ್ಕದಲ್ಲಿ ಕೆಂಪು ಶಾಯಿಯ ರೈಟ್ ಗುರುತು ಬಿದ್ದಿದೆ. “2ಕ್ಕಿಂತ 9 ದೊಡ್ಡದು, 6ಕ್ಕಿಂತ 7 ದೊಡ್ಡದು ಅಜ್ಜಿ, ಮಿಸ್ಸೇ ರೈಟ್ ಹಾಕಿದ್ದಾರಲ್ಲ” ಎಂದಳು. ಮಗುವಿನ ಮೇಲೆ ನನಗೆ ಕೋಪವಿಲ್ಲ. ಓದದೆ ರೈಟ್ ಹಾಕಿದ ಕೈಯ ಮೇಲೆ ಕೋಪ.

ಸೊನ್ನೆಗಳನ್ನು ಬಿಡಿಸಿ ಬರೆಸಿದೆ: 0.0000009, ಅದರ ಕೆಳಗೆ 0.000002. ಬಿಂದುವಿನಿಂದಾಚೆಗೆ ಪೆನ್ಸಿಲ್ ತುದಿಯಿಟ್ಟು ಎಣಿಸಿದಳು. ಮೇಲಿನದರಲ್ಲಿ ಆರು ಸೊನ್ನೆ, ಕೆಳಗಿನದರಲ್ಲಿ ಐದು. ತಾನಾಗಿಯೇ ನಾಲಿಗೆ ಕಚ್ಚಿಕೊಂಡಳು. ಗುಣಾಕಾರ ಚಿಹ್ನೆಯ ಎಡಗಡೆಯ ಅಂಕಿ 1ರಿಂದ 10ರೊಳಗಿರುವಾಗ ಮೊದಲು ಘಾತಸೂಚಿಯನ್ನು, ಅಂದರೆ 10ರ ತಲೆಯ ಮೇಲಿನ ಪುಟ್ಟ ಅಂಕಿಯನ್ನು, ನೋಡಬೇಕು, ಅದು ಸಮವಾಗಿದ್ದರೆ ಮಾತ್ರ ಅಂಕಿಯನ್ನು ಹೋಲಿಸಬೇಕು ಎಂಬುದನ್ನು ತಿಳಿಸಲು ಎರಡು ನಿಮಿಷ ಸಾಕಾಯಿತು.

ನನ್ನ ದುಡಿಮೆಯ ವರ್ಷಗಳೆಲ್ಲ ಸೂಕ್ಷ್ಮದರ್ಶಕದ ಮುಂದೆ ಕಳೆದದ್ದು ನಿಮಗೆ ಗೊತ್ತೇ ಇದೆ. ಕೆಂಪು ರಕ್ತಕಣದ ಅಗಲ ಸುಮಾರು 7 × 10⁻⁶ ಮೀಟರ್, ಕೊರೊನಾ ವೈರಸ್ಸಿನದು ಸುಮಾರು 1 × 10⁻⁷ ಮೀಟರ್. ಅಂಕಿಯನ್ನಷ್ಟೇ ನೋಡಿದವರು ಏಳು ಪಟ್ಟು ಎನ್ನುತ್ತಾರೆ. ನಿಜವಾಗಿ ಅದು ಎಪ್ಪತ್ತು ಪಟ್ಟು. ಇನ್ನು ನೇರಳೆ ಬೆಳಕಿನ ತರಂಗದೂರ, ಅಂದರೆ ಅದರ ಒಂದು ಅಲೆಯ ಉದ್ದ, ಸುಮಾರು 4 × 10⁻⁷ ಮೀಟರ್. ತನ್ನ ಅಲೆಗಿಂತ ತುಂಬ ಚಿಕ್ಕದಾದುದರ ವಿವರವನ್ನು ಬೆಳಕು ಬಿಡಿಸಿ ತೋರಿಸಲಾರದು. ವೈರಸ್ಸು ಅದರ ಕಾಲುಭಾಗದಷ್ಟೇ ಇರುವುದರಿಂದ, ಮಸೂರವನ್ನು ಎಷ್ಟೇ ಚೆನ್ನಾಗಿ ಉಜ್ಜಿದರೂ ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಅದರ ಆಕಾರ ಬಿಡಿಸಿ ಕಾಣುವುದಿಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕಾಗುತ್ತದೆ. ಇಷ್ಟು ಸೊಗಸಾದ ಸಂಗತಿಯನ್ನು ಆ ಪುಟ್ಟ ಘಾತಸೂಚಿ ಹೇಳುತ್ತಿರುವಾಗ ಅದನ್ನು ಕಣ್ಣೆತ್ತಿಯೂ ನೋಡದೆ ರೈಟ್ ಹಾಕುವುದೇ?

ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಇರುವಾಗ ಇದೆಲ್ಲ ಏಕೆ ಎಂದು ತಂಗಿಯ ಅಳಿಯ ಕೇಳಿದರು. ಆ ಕ್ಯಾಲ್ಕುಲೇಟರೇ ಉತ್ತರವನ್ನು 9, ‘ಇ’, ಮೈನಸ್ 7 ಎಂದು ತೋರಿಸುತ್ತದೆ, 9 × 10⁻⁷ ಎಂಬುದರ ಚಿಕ್ಕ ರೂಪ ಅದು. ಘಾತಸೂಚಿ ತಿಳಿಯದವರು ಅದರಲ್ಲಿ 9 ಅನ್ನು ಮಾತ್ರ ಓದುತ್ತಾರೆ. ಅಳಿಯನ ಮಾತನ್ನು ನಾನು ಒಪ್ಪಲಿಲ್ಲ.

ಇಷ್ಟು ಸಿಟ್ಟಿಗೆ ಕಾರಣವನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, 10⁻⁶ ಗ್ರಾಂ ತೂಗಬೇಕಾದ ಲೆಕ್ಕದಲ್ಲಿ ನಾನು 10⁻³ ಎಂದು ಬರೆದೆ. ಹಿರಿಯರೊಬ್ಬರು ಆ ಪುಟ ನೋಡಿ ಸಹಿ ಹಾಕಿದರು. ಸಾವಿರ ಪಟ್ಟು ಮದ್ದು ಬಿದ್ದು, ವಾರಗಟ್ಟಲೆ ಬೆಳೆಸಿದ್ದ ಜೀವಕೋಶಗಳೆಲ್ಲ ಒಂದೇ ರಾತ್ರಿಯಲ್ಲಿ ಸತ್ತವು. ತಪ್ಪು ನನ್ನದೇ, ಆದರೆ ಆ ಸಹಿಯೂ ನನಗೆ ಇಂದಿಗೂ ನೆನಪಿದೆ.

ಹುಡುಗಿ ಉತ್ತರ ತಿದ್ದಿದ್ದಾಳೆ, ಕೆಂಪು ಗುರುತು ಹಾಗೆಯೇ ಇದೆ. ಸೋಮವಾರ ಅವಳ ತಾಯಿ ನೋಟ್‌ಬುಕ್ ಹಿಡಿದು ಶಾಲೆಗೆ ಹೋಗುತ್ತಾಳೆ. ಜೊತೆಗೆ ನಾನೂ ಹೋಗುತ್ತೇನೆ.