220, 5ನೇ ಕ್ರಾಸ್, 1ನೇ ಮೇನ್

ಈಗಿನ ಕಂಪ್ಯೂಟರಿಗೆ ಹೆಡ್‌ಫೋನ್ ಚುಚ್ಚಿದರೆ ಸಾಕು, ಸದ್ದು ಬರುತ್ತದೆ. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡುತ್ತಿದ್ದ ಡಾಸ್ ಕಾಲದಲ್ಲಿ ಅಷ್ಟು ಸುಲಭಕ್ಕೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಆಟ ಶುರುವಾಗುವ ಮುಂಚೆ ನಮ್ಮನ್ನೇ ಕೂರಿಸಿ ವಿಚಾರಣೆ ನಡೆಸುತ್ತಿತ್ತು. ಸೌಂಡ್ ಕಾರ್ಡ್ ಯಾವುದು? ಪೋರ್ಟ್ ಎಷ್ಟು? ಐಆರ್‌ಕ್ಯೂ ಎಷ್ಟು? ಡಿಎಂಎ ಎಷ್ಟು? (ಪೋರ್ಟ್ ಅಂದರೆ ಕಾರ್ಡಿನ ವಿಳಾಸ, ಐಆರ್‌ಕ್ಯೂ ಅಂದರೆ ಅದು ಪ್ರೊಸೆಸರನ್ನು ಕೂಗಿ ಕರೆಯುವ ತಂತಿ, ಡಿಎಂಎ ಅಂದರೆ ಮೆಮೊರಿಯಿಂದ ಸದ್ದು ನೇರ ಬರುವ ದಾರಿ.) ಉತ್ತರ ತಪ್ಪಿದರೆ ಆಟ ಮೂಕ. ಅದೃಷ್ಟ ಇನ್ನೂ ಕೆಟ್ಟಿದ್ದರೆ ಕಂಪ್ಯೂಟರೇ ಅಲ್ಲಾಡದೆ ನಿಂತುಬಿಡುತ್ತಿತ್ತು.

ಈ ಭಾಗ್ಯವನ್ನು ಇಷ್ಟು ವರ್ಷಗಳ ಮೇಲೆ ಮತ್ತೆ ಮನೆಗೆ ತಂದವನು ನಾನು. ಚಿಕ್ಕಪ್ಪನ ಆಫೀಸಿನ ಮೂಲೆಯಲ್ಲಿ ಒಂದು ಪೆಂಟಿಯಂ ಪಿಸಿ ಬಿದ್ದಿತ್ತು. ಅದಕ್ಕೆ ಐಎಸ್‌ಎ ಎಂಬ ಹಳೇ ಮಾದರಿ ಸ್ಲಾಟಿನ ಸೌಂಡ್ ಕಾರ್ಡ್ ಹುಡುಕಿಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋದೆ. ಅಂಗಡಿಯವರು ಡ್ರಾಯರಿನ ತಳದಿಂದ ಒಂದನ್ನು ಎತ್ತಿ ಧೂಳು ಊದಿದರು.

"ಇದು ಗುಜರಿ ಅಲ್ವಾ?" ಅಂದೆ, ರೇಟು ಇಳಿಸೋಣ ಅಂತ.

"ಆಂಟಿಕ್ ಪೀಸ್ ಸಾರ್" ಅಂದರು. ಧೂಳು ಕೆಳಗೆ ಕೂರುವಷ್ಟರಲ್ಲಿ ರೇಟು ಮೇಲೆ ಹೋಗಿತ್ತು.

ಕಾರ್ಡು ಅಸಲಿ ಸೌಂಡ್ ಬ್ಲಾಸ್ಟರ್ ಅಲ್ಲ, 'ಕಂಪ್ಯಾಟಿಬಲ್'. 1987ರಲ್ಲಿ ಕೆನಡಾದಿಂದ ಆಡ್‌ಲಿಬ್ ಕಾರ್ಡ್ ಬಂತು. ಯಮಹಾ ಚಿಪ್ಪಿನಿಂದ ಸಂಗೀತ ನುಡಿಸುತ್ತಿತ್ತು. 1989ರಲ್ಲಿ ಸಿಂಗಾಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂತು. ಅದೇ ಚಿಪ್ಪು, ಜೊತೆಗೆ ರೆಕಾರ್ಡ್ ಮಾಡಿದ ಸದ್ದನ್ನೂ ಕೇಳಿಸುತ್ತಿತ್ತು. ಆಟ ಬರೆಯುವವರೆಲ್ಲ ಅದಕ್ಕೇ ಬರೆಯತೊಡಗಿದರು. ಉಳಿದ ಕಾರ್ಡುಗಳು ಬದುಕಬೇಕಲ್ಲ, 'ನಾನೂ ಅವನೇ' ಅಂತ ವೇಷ ಹಾಕಿದವು. ನನಗೆ ಸಿಕ್ಕಿದ್ದು ಅಂಥ ವೇಷಧಾರಿ.

ಇನ್ನು ಆ ಸಂಖ್ಯೆಗಳು. ಪೋರ್ಟ್ 220, ಐಆರ್‌ಕ್ಯೂ 5, ಡಿಎಂಎ 1. ಇದನ್ನು ಕಂಪ್ಯೂಟರ್ ಶುರುವಾದಾಗ ತಾನೇ ಓಡುವ ಆಟೋಎಕ್ಸೆಕ್ ಫೈಲಿನಲ್ಲಿ ಒಂದು ಸಾಲಾಗಿ ಬರೆದಿಡಬೇಕು. ಬೆಂಗಳೂರಿನವರಿಗೆ ಇದೇನು ಕಷ್ಟವಲ್ಲ. ನಂಬರ್ 220, 5ನೇ ಕ್ರಾಸ್, 1ನೇ ಮೇನ್ ಅಂದುಕೊಂಡರೆ ಆಯಿತು. (ಅಸಲಿಗೆ ಆ 220 ಹದಿನಾರರ ಲೆಕ್ಕದ್ದು, ನಮ್ಮ ಲೆಕ್ಕದಲ್ಲಿ 544. ಇಲ್ಲೂ ಹಳೇ ನಂಬರ್, ಹೊಸ ನಂಬರ್ ಗೋಳು ತಪ್ಪಿದ್ದಲ್ಲ.) ನಾನು ಇದನ್ನೇ ಗೊಣಗುತ್ತಾ ಕೂತಿದ್ದನ್ನು ಕೇಳಿ ಅಮ್ಮ ಬಾಗಿಲಿಗೆ ಬಂದರು.

"ಯಾರ ಮನೇನೋ ಅದು? ಜಯನಗರದಲ್ಲಾ?"

"ಸೌಂಡ್ ಕಾರ್ಡ್‌ದಮ್ಮಾ."

"ಯಾರೋ ಏನೋ. ಬರ್ತೀವಿ ಅಂದ್ರೆ ಮೊದಲೇ ಹೇಳು, ಅಡಿಗೆ ಜಾಸ್ತಿ ಮಾಡ್ಬೇಕು."

ಡೂಮ್ ಹಾಕಿದೆ. 1993ರ ಆಟ, ರಾಕ್ಷಸರನ್ನು ಗುಂಡಿಟ್ಟು ಕೊಲ್ಲುವುದೇ ಕೆಲಸ. ಸಂಗೀತ ಜೋರಾಗಿ ಬಂತು. ಕುಣಿದಾಡಿದೆ. ಆಮೇಲೆ ಒಂದು ಬಾಗಿಲು ತೆರೆದೆ. ಘರ್ ಅಂತು. ಮತ್ತೆ ಘರ್. ಮತ್ತೆ ಘರ್. ಬಾಗಿಲು ತೆರೆದು, ಮುಚ್ಚಿ, ನಾನು ಒಳಗೆ ಹೋಗಿ ಸತ್ತರೂ ಆ ಘರ್ ಮಾತ್ರ ನಿಲ್ಲಲಿಲ್ಲ.

"ಲೋ, ಮೋಟರ್ ಆಫ್ ಮಾಡೋ! ಟ್ಯಾಂಕ್ ತುಂಬಿ ಹರೀತಿರ್ಬೇಕು!" ಅಡಿಗೆಮನೆಯಿಂದ ಅಮ್ಮ ಕೂಗಿದರು.

ಇದರ ಮರ್ಮ ಇಷ್ಟೇ. ಸಂಗೀತದ ಚಿಪ್ಪಿಗೆ ಸುಮ್ನೆ ಆಜ್ಞೆ ಕೊಟ್ಟರೆ ಸಾಕು, ಅದು ತಿರುಗಿ ಏನೂ ಕೇಳುವುದಿಲ್ಲ. ರೆಕಾರ್ಡ್ ಮಾಡಿದ ಸದ್ದು ಹಾಗಲ್ಲ. ಒಂದು ತುಣುಕು ಮುಗಿದ ಕೂಡಲೇ ಕಾರ್ಡು ಐಆರ್‌ಕ್ಯೂ ಮೂಲಕ 'ಮುಂದಿನದು ಕೊಡಪ್ಪಾ' ಅಂತ ಕೂಗಬೇಕು. ಆ ಕೂಗು ತಲುಪದಿದ್ದರೆ ಕೈಯಲ್ಲಿರುವ ತುಣುಕನ್ನೇ ತಿರುಗಿಸುತ್ತಾ ಕೂರುತ್ತದೆ. ನನ್ನ ಪಿಸಿಯಲ್ಲಿ ಕೂಗು ಏಕೆ ತಲುಪುತ್ತಿರಲಿಲ್ಲ? 5ನೇ ಕ್ರಾಸಿಗೆ ನೆಟ್‌ವರ್ಕ್ ಕಾರ್ಡ್ ಮೊದಲೇ ಬಾಡಿಗೆಗೆ ಬಂದಿತ್ತು! ಕಂಪ್ಯೂಟರನ್ನು ಎಬ್ಬಿಸುವ ಮೂಲ ಪ್ರೋಗ್ರಾಂ ಬಯಾಸ್ ತಾನೇ ಕರೆದು ಕೂರಿಸಿತ್ತು. 7ಕ್ಕೆ ಹೋಗೋಣವೆಂದರೆ ಅಲ್ಲಿ ಪ್ರಿಂಟರ್ ಪೋರ್ಟಿನ ಸಂಸಾರ. ಕಾರ್ಡಿನ ಸಂಖ್ಯೆ ಬದಲಿಸಲು ಅದರ ಜಂಪರ್ ಕಿತ್ತರೆ ಉದ್ದಿನಬೇಳೆ ಗಾತ್ರದ ಆ ಪ್ಲಾಸ್ಟಿಕ್ ಟೋಪಿ ಮಂಚದ ಕೆಳಗೆ ಹಾರಿತು. ಹಳೇ ಹಾರ್ಡ್ ಡಿಸ್ಕಿನ ಜಂಪರ್ ತೆಗೆದು ಮತ್ತೆ 5ರ ಜಾಗಕ್ಕೇ ಹಾಕಿದೆ, ಸರಿಯಾಗಿ ಕೂತಿತು.

ಕೊನೆಗೆ ಬಯಾಸಿನಲ್ಲಿ '5 ಹಳೇ ಐಎಸ್‌ಎ ಕಾರ್ಡಿಗೆ ಮೀಸಲು' ಅಂತ ಸೆಟ್ ಮಾಡಿದೆ. ಬಾಗಿಲು ಒಮ್ಮೆ ಘರ್ ಅಂದು ಸುಮ್ಮನಾಯಿತು. ಆಹಾ ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಮದರ್‌ಬೋರ್ಡಿನ ಬ್ಯಾಟರಿ ಎಂದೋ ಸತ್ತಿತ್ತು, ಹಾಗಾಗಿ ಕರೆಂಟ್ ಬಂದಾಗ ಬಯಾಸಿಗೆ ಏನೂ ನೆನಪಿರಲಿಲ್ಲ. ಇಸವಿಯೂ ಇಲ್ಲ, ಮೀಸಲಾತಿಯೂ ಇಲ್ಲ. ನೆಟ್‌ವರ್ಕ್ ಕಾರ್ಡ್ ಮತ್ತೆ 5ನೇ ಕ್ರಾಸಿನಲ್ಲಿ ಹಾಲು ಉಕ್ಕಿಸಿತ್ತು.

ಬೇಕಿದ್ದುದು ಸಿಆರ್2032 ಎಂಬ ಬಿಲ್ಲೆ ಬ್ಯಾಟರಿ. ಅಂಗಡಿ ಮುಚ್ಚಿತ್ತು, ಅಮ್ಮ ತೂಕ ನೋಡಿಕೊಳ್ಳುವ ಯಂತ್ರದೊಳಗೆ ಅದೇ ಬಿಲ್ಲೆ ಇತ್ತು. ಮುಂದಿನದನ್ನು ವಿವರಿಸಬೇಕಿಲ್ಲ. ಬೆಳಿಗ್ಗೆ ಅಮ್ಮ ಅದರ ಮೇಲೆ ನಿಂತು, ಇಳಿದು, ಮತ್ತೆ ಹತ್ತಿ, "ಏನೂ ತೋರಿಸ್ತಿಲ್ಲ ಕಣೋ, ಅಷ್ಟೊಂದು ಸಣ್ಣ ಆಗ್ಬಿಟ್ನಾ?" ಅಂದರು. ಮುಖದಲ್ಲಿ ಖುಷಿ ಇತ್ತು. ನಾನು ಕೆಡಿಸಲಿಲ್ಲ.

640 ಕೆಬಿ ಮೆಮೊರಿಯಲ್ಲಿ ಮೌಸ್ ಡ್ರೈವರ್, ಸಿಡಿ ಡ್ರೈವರ್ ಎಲ್ಲವನ್ನೂ ತುರುಕಿದ ಕಥೆ ಬೇಡ ಬಿಡಿ. ಆ ಭಾನುವಾರ ಎಲ್ಲವೂ ಒಂದೇ ಸಲ ಸರಿಯಾಗಿತ್ತು ಅನ್ನುವುದು ಮುಖ್ಯ. ಅಕ್ಕನ ಮಗನನ್ನು ಕರೆದು ತೋರಿಸಿದೆ.

"ಮಾಮ, ಇದು ಬ್ರೌಸರ್‌ನಲ್ಲೇ ಬರುತ್ತಲ್ಲ, ಡಾಸ್‌ಬಾಕ್ಸ್ ಅಂತ" ಅಂದ.

ನಿಜ, ಬರುತ್ತದೆ. ಡಾಸ್‌ಬಾಕ್ಸ್ ಅಂದರೆ ಹಳೇ ಪಿಸಿಯ ವೇಷ ಹಾಕುವ ಸಾಫ್ಟ್‌ವೇರ್. ಆದರೆ ಆ ಡಾಸ್‌ಬಾಕ್ಸ್ ಕೂಡ ಇಲ್ಲದ ಕಾರ್ಡಿಗೆ ಒಂದು ವಿಳಾಸ ಕೊಟ್ಟಿದೆ: 220, 7, 1. ಹಳೇ ಆಟಗಳು ಸಾಫ್ಟ್‌ವೇರನ್ನೂ ಬಿಡದೆ ಮನೆ ನಂಬರ್ ಕೇಳುತ್ತವೆ. ಇದನ್ನು ಹೇಳುತ್ತಿದ್ದರೆ ಹುಡುಗನ ಕಣ್ಣು ಪರದೆಯ ಮೇಲಿತ್ತು.

ಅವನಿಗೆ ಡೂಮ್ ಬೇಡ, ಪ್ರಿನ್ಸ್ ಆಫ್ ಪರ್ಷಿಯಾ ಬೇಡ, ಡೇವ್ ಬೇಕಂತೆ. ನಮ್ಮ ಕಾಲದ ಶಾಲಾ ಲ್ಯಾಬುಗಳಲ್ಲಿ ಟೀಚರ್ ಆಚೆ ಹೋದ ಕೂಡಲೇ ಓಪನ್ ಆಗುತ್ತಿದ್ದ ಅದೇ ಡೇಂಜರಸ್ ಡೇವ್. ಹಾಕಿಕೊಟ್ಟೆ. ಸದ್ದಿಲ್ಲ. ವಾಲ್ಯೂಮ್ ತಿರುಗಿಸಿದೆ, ವೈರ್ ಅಲ್ಲಾಡಿಸಿದೆ. ಆಮೇಲೆ ಹೊಳೆಯಿತು: ಡೇವ್‌ಗೆ ಸೌಂಡ್ ಕಾರ್ಡ್ ಅನ್ನುವ ವಸ್ತುವೇ ಗೊತ್ತಿಲ್ಲ! ಅವನು ಕೂಗುವುದು ಕ್ಯಾಬಿನೆಟ್ ಒಳಗಿನ ಪುಟಾಣಿ ಪಿಸಿ ಸ್ಪೀಕರಿನಲ್ಲಿ ಮಾತ್ರ. ನನ್ನ ಕ್ಯಾಬಿನೆಟ್ಟಿನಲ್ಲಿ ಅದೊಂದನ್ನು ಯಾರೋ ಕಿತ್ತುಕೊಂಡು ಹೋಗಿದ್ದರು.

ಹುಡುಗ ತಲೆ ಕೆಡಿಸಿಕೊಳ್ಳಲಿಲ್ಲ. ಸದ್ಯಕ್ಕೆ ಡೇವ್ ಜಿಗಿದಾಗಲೆಲ್ಲ ಅವನೇ ಬಾಯಲ್ಲಿ 'ಟುಯ್' ಅನ್ನುತ್ತಾನೆ.