ಎಂಟು, ಎಂಟು

ನಾಲ್ಕು ದಿನದಿಂದ ಉಡುಪಿಯಲ್ಲಿ ಒಂದೇ ಸಮ ಮಳೆ. ನನ್ನ ಹೊಸ ರೈನ್‌ಕೋಟು ಮಂಗಳೂರಿನ ಯಾವುದೋ ಗೋಡೌನಿನಲ್ಲಿ ಬೆಚ್ಚಗೆ ಮಲಗಿದೆ. ನಾನು ಬರೆದ ಪಿನ್‌ಕೋಡು 576101. ಕೊರಿಯರಿನವರ ಕಣ್ಣಿಗೆ ಅದು 575001 ಆಗಿ ಕಂಡಿತಂತೆ. ಹೇಗೆ ಕಂಡಿತೋ, ಆ ಕೃಷ್ಣನೇ ಬಲ್ಲ.

ಇದನ್ನು ಸೋದರಮಾವನ ಎದುರು ಹೇಳಿದ್ದು ನನ್ನ ತಪ್ಪು. ಮಾವ ನಿವೃತ್ತ ಗಣಿತದ ಮಾಷ್ಟ್ರು, ನಮ್ಮ ಮಹಡಿಯಲ್ಲೇ ಇರುವುದು. "ಛೇ, ಎಂಥ ಚಂದದ ನಂಬ್ರ ಬಿಟ್ಟು ಎಂಥದ್ದಕ್ಕೆ ಕಳಿಸಿದ್ರು ಮಾರಾಯ! ಮಂಗಳೂರಿನದ್ದು ಮೂರರಿಂದ ಹೋಗ್ತದೆ, ಏಳರಿಂದ ಹೋಗ್ತದೆ, ಒಂಬತ್ತರಿಂದಲೂ ಹೋಗ್ತದೆ. ನಮ್ಮದು ಯಾವುದರಿಂದಲೂ ಹೋಗುವುದಿಲ್ಲ. ಅವಿಭಾಜ್ಯ!"

ರೈನ್‌ಕೋಟು ಮಾತ್ರ ಸಲೀಸಾಗಿ ಹೋಗಿತ್ತು.

ಮಾವನಿಗೆ ಯಾವ ನಂಬ್ರವನ್ನೂ ಸುಮ್ಮನೆ ಬಿಟ್ಟು ಗೊತ್ತಿಲ್ಲ. ಬಸ್ಸಿನದ್ದು, ಗ್ಯಾಸಿನದ್ದು, ಮದುವೆ ಕಾಗದದ ಮೂಲೆಯ ಫೋನಿನದ್ದು, ಎಲ್ಲವನ್ನೂ ಸೀಳಿ ನೋಡಬೇಕು. ಕುಂಜಿಬೆಟ್ಟಿನ 576102 ಆರರಿಂದ ಭಾಗವಾಗುತ್ತದೆಂದು ಅಲ್ಲಿನ ನೆಂಟರನ್ನೇ ಒಂದು ಕೈ ಕಡಿಮೆ ಕಾಣುವ ಜನ.

ಕಸ್ಟಮರ್ ಕೇರಿಗೆ ಫೋನ್ ಹಚ್ಚಿದೆ. ಇಪ್ಪತ್ತು ನಿಮಿಷ ಕೊಳಲು ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಿ, ಪಾರ್ಸೆಲಿನ ಹನ್ನೆರಡು ಅಂಕಿ ಹೇಳಿ ಅಂದಳು. "ಏಳು, ನಾಲ್ಕು, ಒಂದು, ಸೊನ್ನೆ..." ಮಾವ ಕುರ್ಚಿ ಎಳೆದು ಪಕ್ಕಕ್ಕೇ ಬಂದರು. ತುಟಿ ಅಲ್ಲಾಡುತ್ತಿತ್ತು, ಕೂಡಿಸುತ್ತಿದ್ದರು. "...ಆರು, ಮೂರು, ಐದು, ಎಂಟು, ಎರಡು, ಒಂಬತ್ತು, ಒಂದು..."

"ನಿಲ್ಲು! ನಲವತ್ತಾರಾಯ್ತು. ಕೊನೆಯದ್ದು ಎಂಟಾದರೆ ಒಂಬತ್ತರಿಂದ ಹೋಗ್ತದೆ!"

"ಎಂಟು" ಅಂದೆ.

"ಎಂಟು!" ಮಾವ ಎದ್ದೇ ನಿಂತರು. "ಎಂಟು!"

"ಸರ್, ನೀವು ಹದಿನಾಲ್ಕು ಅಂಕಿ ಹೇಳಿದ್ರಿ" ಅಂದಳು ಹುಡುಗಿ. ಮೊದಲಿಂದ ಹೇಳಲು ಹೊರಟಾಗ ಮಾವನ ವಿವರಣೆಯೂ ಶುರುವಾಗಿತ್ತು: ಹತ್ತು, ನೂರು, ಸಾವಿರ, ಯಾವುದನ್ನು ಒಂಬತ್ತರಿಂದ ಭಾಗಿಸಿದರೂ ಒಂದು ಉಳಿಯುತ್ತದೆ, ಅದಕ್ಕೇ ಅಂಕಿಗಳನ್ನು ಕೂಡಿಸಿದರೆ ಸಾಕು. ಆ ಹತ್ತು, ನೂರು ಕೂಡ ಪಾರ್ಸೆಲಿನ ಲೆಕ್ಕಕ್ಕೆ ಸೇರಿತೋ ಏನೋ, ಫೋನ್ ಕಟ್ಟಾಯಿತು.

"ನಿನ್ನದು ಹನ್ನೆರಡೇ ಅಂಕಿ" ಎಂದು ಮಾವ ಸಮಾಧಾನ ಹೇಳಿದರು. 2024ರಲ್ಲಿ ಸಿಕ್ಕ ದೊಡ್ಡ ಅವಿಭಾಜ್ಯಕ್ಕೆ 4,10,24,320 ಅಂಕಿಗಳಂತೆ. ಎರಡನ್ನು 13,62,79,841 ಸಲ ಗುಣಿಸಿಕೊಂಡು ಹೋಗಿ ಒಂದು ಕಳೆದರೆ ಬರುವುದು. ಸೆಕೆಂಡಿಗೊಂದರಂತೆ ಓದಿದರೂ 475 ದಿನ ಬೇಕು. ಅಷ್ಟು ಹೊತ್ತಿಗೆ ಮುಂದಿನ ಮಳೆಗಾಲವೂ ಮುಗಿದಿರುತ್ತದೆ.

ನನಗೆ ಸಿಟ್ಟು ನೆತ್ತಿಗೇರಿತ್ತು. "ನಮ್ಮ ನಂಬ್ರ ಅವಿಭಾಜ್ಯ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿಯೇಬಿಟ್ಟೆ. ಮಾವ ಒಳಗಿನಿಂದ ಅತ್ತೆಯ ಹಾಲಿನ ಲೆಕ್ಕದ ಪುಸ್ತಕ ತಂದರು. ಒಂದು ತಾರೀಕಿಗೆ ಅತ್ತೆಯ ಅಕ್ಷರ ನಿಂತಿತ್ತು. ಅಲ್ಲಿಂದ ಮುಂದೆ ಪುಟಗಟ್ಟಲೆ ಭಾಗಾಕಾರ. 759ರ ವರ್ಗ 576081, ಹಾಗಾಗಿ ಅಲ್ಲಿಯವರೆಗೆ ನೋಡಿದರೆ ಸಾಕಂತೆ. ಎರಡರಿಂದ 757ರ ವರೆಗಿನ 134 ಅವಿಭಾಜ್ಯಗಳಿಂದಲೂ ಭಾಗಿಸಿದ್ದರು. "ನಿದ್ದೆ ಬರ್ತಿರಲಿಲ್ಲ" ಅಂದರು.

ಮರುದಿನ ಫೋನನ್ನು ಮಹಡಿಗೇ ತೆಗೆದುಕೊಂಡು ಹೋದೆ. ಹನ್ನೊಂದನೆಯ ಅಂಕಿ ಹೇಳಿ ತುಸು ತಡೆದೆ. ಮಾವ ತುಟಿ ಬಿಗಿಹಿಡಿದು, ಎರಡೂ ಕೈ ಮೇಲಕ್ಕೆತ್ತಿ ಎಂಟು ಬೆರಳು ತೋರಿಸುತ್ತಿದ್ದರು.