ನದಿಯ ಕಲ್ಲಿನಡಿ ಹುಳುಗಳಿದ್ದರೆ ನೀರು ಕೆಟ್ಟಿದೆಯೇ? ಸತ್ಯಾಂಶ

ನದಿಯ ತಳದ ಕಲ್ಲನ್ನು ಎತ್ತಿದಾಗ ಹುಳುಗಳು ಕಂಡರೆ ಆ ನೀರು ಕಲುಷಿತವಾಗಿದೆ, ಏನೂ ಕಾಣದಿದ್ದರೆ ಶುದ್ಧ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ; ಹುಳು ಇದೆಯೇ ಎಂಬುದಕ್ಕಿಂತ ಯಾವ ಹುಳು ಎಂಬುದೇ ಮುಖ್ಯ.

ಪಶ್ಚಿಮ ಘಟ್ಟದ ತಂಪಾದ ತೊರೆಗಳಲ್ಲಿ ಕಲ್ಲಿಗೆ ಚಪ್ಪಟೆಯಾಗಿ ಅಂಟಿಕೊಂಡಿರುವ ಮೇಫ್ಲೈ ಎಂಬ ಕೀಟದ ಮರಿಗಳನ್ನು ಗಮನಿಸಿದರೆ, ಹೊಟ್ಟೆಯ ಎರಡೂ ಬದಿಯಲ್ಲಿ ಎಲೆಯಾಕಾರದ ಕಿವಿರುಗಳು ಮಿಡಿಯುವುದು ಕಾಣುತ್ತದೆ. ಇವುಗಳಿಗೂ ಸ್ಟೋನ್‌ಫ್ಲೈ ಎಂಬ ಇನ್ನೊಂದು ಕೀಟದ ಮರಿಗಳಿಗೂ ನೀರಿನಲ್ಲಿ ಕರಗಿದ ಆಮ್ಲಜನಕ ಧಾರಾಳವಾಗಿ ಬೇಕು. ಚರಂಡಿ ನೀರು ಸೇರಿದಾಗ ಅದರ ಕೊಳೆಯನ್ನು ಒಡೆಯುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿಬಿಡುವುದರಿಂದ ಈ ಮರಿಗಳು ಮೊದಲು ಮರೆಯಾಗುತ್ತವೆ. ಕಡಿಮೆ ಆಮ್ಲಜನಕದಲ್ಲೂ ಬದುಕಬಲ್ಲ, ರಕ್ತದಲ್ಲಿ ಹಿಮೋಗ್ಲೋಬಿನ್ ಇರುವ ಕೆಂಪು ಕೈರೊನೊಮಿಡ್ (ಸೊಳ್ಳೆಯಂಥ ಕೀಟ) ಮರಿಗಳು ಮತ್ತು ಕೆಸರಿನ ಟ್ಯೂಬಿಫೆಕ್ಸ್ ಹುಳುಗಳು ಮಾತ್ರ ಹೆಚ್ಚುತ್ತವೆ. ನದಿ ನೀರಿನ ಗುಣಮಟ್ಟ ಅಳೆಯಲು ಬ್ರಿಟನ್ನಿನಲ್ಲಿ ರೂಪುಗೊಂಡ ಬಿಎಂಡಬ್ಲ್ಯುಪಿ ಎಂಬ ವಿಧಾನ ಇದೇ ತತ್ವದ ಮೇಲೆ ಜೀವಿ ಕುಟುಂಬಗಳಿಗೆ 1ರಿಂದ 10ರವರೆಗೆ ಅಂಕ ಕೊಡುತ್ತದೆ.

ಏನೂ ಇಲ್ಲದ ತಳವೇ ನಿಜಕ್ಕೂ ಹೆಚ್ಚು ಆತಂಕದ್ದು. ಕೀಟನಾಶಕ ಬೆರೆತ ನೀರು ನೋಡಲು ತಿಳಿಯಾಗಿದ್ದೂ ಜೀವಿಗಳನ್ನು ಕೊಲ್ಲಬಲ್ಲದು. ಮರಳುಗಾರಿಕೆ ತಳವನ್ನೇ ಕದಡುತ್ತದೆ, ಮೇಲೆದ್ದ ಹೂಳು ಕಲ್ಲುಗಳ ನಡುವಿನ ಸಂದುಗಳನ್ನು ಮುಚ್ಚುತ್ತದೆ. ಬೆಂಗಳೂರಿನ ಕೊಳಚೆಯನ್ನು ಹೊತ್ತು ಅರ್ಕಾವತಿಯ ಮೂಲಕ ಕಾವೇರಿಗೆ ಸೇರುವ ವೃಷಭಾವತಿಯಲ್ಲಂತೂ ಹಾನಿ ವಾಸನೆಯಿಂದಲೇ ತಿಳಿಯುತ್ತದೆ.

ಮೇಫ್ಲೈ ಇದ್ದ ಮಾತ್ರಕ್ಕೆ ನೀರನ್ನು ನೇರವಾಗಿ ಕುಡಿಯಬಾರದು, ಏಕೆಂದರೆ ರೋಗಾಣುಗಳ ಬಗ್ಗೆ ಈ ಕೀಟಗಳು ಏನನ್ನೂ ಹೇಳುವುದಿಲ್ಲ.